ದೊಡ್ಡಪ್ಪನ ಕಷಾಯ, ಹನಿ ನೀರಾವರಿಯ ಪೈಪು

ಗುಂಪು: ತೋಟದ ಮನೆ

ದೊಡ್ಡಪ್ಪ, ಬೆಳಿಗ್ಗೆ 6:40 (ಫಾರ್ವರ್ಡ್): ಹೃದಯದ ಬ್ಲಾಕೇಜ್‌ಗೆ ಆಪರೇಷನ್ ಬೇಡವೇ ಬೇಡ! ನಿಂಬೆ, ಶುಂಠಿ, ಬೆಳ್ಳುಳ್ಳಿ ರಸ, ಸೇಬಿನ ವಿನೆಗರ್ ತಲಾ ಒಂದು ಲೋಟ. ನಾಲ್ಕನ್ನು ಮೂರು ಲೋಟಕ್ಕೆ ಕುದಿಸಿ ಇಳಿಸಿ. ಮೂರು ಲೋಟ ಜೇನು ಸೇರಿಸಿ. ದಿನಾ ಬೆಳಿಗ್ಗೆ ಮೂರು ಚಮಚ. ಹತ್ತು ಜನರಿಗೆ ಕಳುಹಿಸಿ, ಪುಣ್ಯ ಕಟ್ಟಿಕೊಳ್ಳಿ.

ಚಿಕ್ಕಮ್ಮ: ಒಳ್ಳೆಯ ಮಾಹಿತಿ ಭಾವ 🙏

ನಾನು: ದೊಡ್ಡಪ್ಪ, ಆರು ಲೋಟದಲ್ಲಿ ಮೂರು ಲೋಟ ಜೇನು. ನಿಮಗೆ ಸಕ್ಕರೆ ಕಾಯಿಲೆ. ಅದಿರಲಿ, ರಾತ್ರಿಯ ಕೊಲೆಸ್ಟ್ರಾಲ್ ಮಾತ್ರೆ ನುಂಗುತ್ತಿದ್ದೀರಾ?

ದೊಡ್ಡಪ್ಪ: ಸ್ವಲ್ಪ ಬಿಡುವು ಕೊಟ್ಟಿದ್ದೇನೆ. ಹೋದ ತಿಂಗಳ ರಿಪೋರ್ಟಿನಲ್ಲಿ ಕೆಟ್ಟ ಕೊಲೆಸ್ಟ್ರಾಲ್ 70ಕ್ಕೆ ಇಳಿದಿತ್ತಲ್ಲ. ಇಳಿದ ಮೇಲೂ ಯಾಕೆ ನುಂಗಬೇಕು?

ಅಣ್ಣ: ಇಳಿದದ್ದೇ ಮಾತ್ರೆಯಿಂದ, ಅಪ್ಪ. ತೋಟದಲ್ಲಿ ನೀರು ನಿಂತಿಲ್ಲವೆಂದು ಮಳೆಗಾಲದಲ್ಲಿ ಬಸಿಗಾಲುವೆಯನ್ನು ಮುಚ್ಚುತ್ತೀರಾ?

ದೊಡ್ಡಪ್ಪ: ತೋಟದ ಪಾಠ ನನಗೆ ಬೇಡ. ಹನಿ ನೀರಾವರಿಯ ಪೈಪಿನಲ್ಲಿ ಸುಣ್ಣ ಕಟ್ಟಿದರೆ ಆಸಿಡ್ ಬಿಟ್ಟು ತೊಳೆಯುವುದಿಲ್ಲವೇ? ನಿಂಬೆ, ವಿನೆಗರ್ ಎರಡೂ ಹುಳಿಯೇ. ರಕ್ತನಾಳವೂ ಪೈಪೇ.

ನಾನು: ಎಡವಟ್ಟಾಗಿರುವುದು ಅಲ್ಲೇ. ಸುಣ್ಣ ಪೈಪಿನ ಒಳಮೈಗೆ ಅಂಟುತ್ತದೆ. ಕೊಬ್ಬು ಹಾಗಲ್ಲ, ನಾಳದ ಗೋಡೆಯ ಪದರದೊಳಗೇ ಸೇರಿಕೊಳ್ಳುತ್ತದೆ, ಮೇಲೊಂದು ಪೊರೆ ಬೆಳೆಯುತ್ತದೆ. ಚರ್ಮದ ಕೆಳಗಿನ ಕುರುವಿನ ಹಾಗೆ. ಮೇಲೆ ಎಷ್ಟು ತೊಳೆದರೇನು? ಹೃದಯಾಘಾತವಾಗುವುದು ಹೆಚ್ಚಾಗಿ ಆ ಪೊರೆ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿದಾಗ. ಅರ್ಧ ನಾಳವನ್ನೂ ಮುಚ್ಚದ ಕೊಬ್ಬಿನ ಗಂಟು ಕೂಡ ಹಾಗೆ ಒಡೆಯಬಹುದು. ಮಾತ್ರೆ ಕೊಲೆಸ್ಟ್ರಾಲ್ ಇಳಿಸುವುದಲ್ಲದೆ ಆ ಗಂಟನ್ನು ಒಡೆಯದಂತೆ ಗಟ್ಟಿಯಾಗಿಸುತ್ತದೆ. ಇನ್ನು ಹುಳಿಯ ಮಾತು: ಏನೇ ಕುಡಿದರೂ ಶ್ವಾಸಕೋಶ, ಮೂತ್ರಪಿಂಡಗಳು ಸೇರಿ ರಕ್ತದ ಪಿಎಚ್ ಅನ್ನು, ಎಂದರೆ ಹುಳಿಯ ಅಳತೆಯನ್ನು, 7.35ರಿಂದ 7.45ರೊಳಗೇ ಹಿಡಿದಿಡುತ್ತವೆ. ನಿಮ್ಮ ವಿನೆಗರ್ ತೊಳೆಯುವುದು ಹೊಟ್ಟೆಯನ್ನು.

ದೊಡ್ಡಮ್ಮ: ಇವರಿಗೆ ಮೂರು ದಿನದಿಂದ ಹುಳಿತೇಗು. ಬೆಳ್ಳುಳ್ಳಿ ಸುಲಿದು ಸುಲಿದು ನನ್ನ ಉಗುರಿನ ಸಂದೆಲ್ಲ ಉರಿಯುತ್ತಿದೆ.

ಚಿಕ್ಕಮ್ಮ: ಆದರೂ ಕಷಾಯ ನೈಸರ್ಗಿಕ. ಮಾತ್ರೆ ಎಂದರೆ ಬರೀ ರಾಸಾಯನಿಕ.

ನಾನು: ಚಿಕ್ಕಮ್ಮ, ಸ್ಟ್ಯಾಟಿನ್ ಎನ್ನುವ ಈ ಜಾತಿಯ ಮೊದಲ ಔಷಧಿ ಸಿಕ್ಕಿದ್ದು ಬೂಷ್ಟಿನಲ್ಲಿ. ಜಪಾನಿನ ಅಕಿರಾ ಎಂಡೋ ಸಾವಿರಾರು ಶಿಲೀಂಧ್ರಗಳನ್ನು ಜಾಲಾಡಿ, 1973ರಲ್ಲಿ ಅದನ್ನು ಕಂಡುಕೊಂಡರು. ಆ ಬೂಷ್ಟು ಬಂದದ್ದು ಕ್ಯೋಟೋದ ಧಾನ್ಯದಂಗಡಿಯೊಂದರ ಅಕ್ಕಿಯಿಂದ.

ದೊಡ್ಡಪ್ಪ: ಹಾಗಾದರೆ ಆಟಿಯ ಮಳೆಯಲ್ಲಿ ನಿನ್ನ ದೊಡ್ಡಮ್ಮ ಒಂದು ಚೀಲ ಔಷಧಿಯನ್ನು ದನಕ್ಕೆ ಹಾಕಿದಳು.

ಅಣ್ಣ: 😂 ಮಾತು ತೇಲಿಸಬೇಡಿ. ಮಾತ್ರೆ ಬಿಟ್ಟದ್ದು ಯಾಕೆ?

ದೊಡ್ಡಪ್ಪ: ಮೀನಖಂಡ ಹಿಡಿದುಕೊಂಡ ಹಾಗೆ ನೋಯುತ್ತದೆ. ಮಾತ್ರೆಯಿಂದ ಕಾಲುನೋವು ಬರುತ್ತದೆಂದು ನಿಮ್ಮ ಮೊಬೈಲಿನಲ್ಲೇ ಓದಿದ್ದೇನೆ. ಅದನ್ನು ಯಾರೂ ಕೇಳುವುದಿಲ್ಲ, ಎಲ್ಲರೂ ಕಷಾಯಕ್ಕೆ ನಗುತ್ತೀರಿ.

ನಾನು: ತಪ್ಪಾಯಿತು ದೊಡ್ಡಪ್ಪ. ಕೆಲವರಿಗೆ ಹಾಗೆ ನೋವು ಬರುವುದು ನಿಜ. ಆಗ ಡಾಕ್ಟರು ಪ್ರಮಾಣ ಇಳಿಸುತ್ತಾರೆ, ಇಲ್ಲವೇ ಬೇರೆ ಮಾತ್ರೆ ಕೊಡುತ್ತಾರೆ. ಆದರೆ ನೋಯುವುದು ಯಾವಾಗ? ಕುಳಿತಾಗಲೋ, ನಡೆದಾಗಲೋ?

ದೊಡ್ಡಮ್ಮ: ತೋಟದ ಏರು ಹತ್ತುವಾಗ. ಎರಡು ಕಡೆ ನಿಲ್ಲುತ್ತಾರೆ. ನಿಂತರೆ ಹೋಗುತ್ತದಂತೆ.

ನಾನು: ನಡೆದರೆ ಬಂದು ನಿಂತರೆ ಹೋಗುವ ನೋವಾದರೆ, ಕಾಲಿನ ರಕ್ತನಾಳವೇ ಕಿರಿದಾಗಿರಬಹುದು. ಮಾತ್ರೆಯನ್ನು ದೂರುವ ಮೊದಲು ಅದನ್ನು ನೋಡಬೇಕು. ಹೆದರಬೇಡಿ, ಮೊದಲ ಪರೀಕ್ಷೆಗೆ ಸೂಜಿಯೂ ಇಲ್ಲ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರ ಜೊತೆ ಹೋಲಿಸುತ್ತಾರೆ. ಸಕ್ಕರೆ ಕಾಯಿಲೆಯ ಜೊತೆ ಬೀಡಿಯೂ ಇರುವವರಿಗೆ ಹೀಗೆ ನಾಳ ಕಿರಿದಾಗುವುದು ಹೆಚ್ಚು.

ಅಣ್ಣ: ಅಪ್ಪ, ಬೀಡಿ ಬಿಟ್ಟೆ ಎಂದಿದ್ದಿರಿ.

ದೊಡ್ಡಮ್ಮ: ಪಂಪುಮನೆಯ ಹಿಂದೆ.

ಅಣ್ಣ: ನಾಳೆ ಬೆಳಿಗ್ಗೆ ಕಾರು ತರುತ್ತೇನೆ.

ದೊಡ್ಡಪ್ಪ: ನಾಳೆ ಅಡಿಕೆ ಕೊಯ್ಯಲು ಕೊನೆಗೌಡ ಬರುತ್ತಾನೆ, ಅವನು ತಪ್ಪಿದರೆ ಮತ್ತೆ ಸಿಗುವುದಿಲ್ಲ. ನಾಡಿದ್ದು ಬಾ. ಕಷಾಯದ ಬಾಟಲಿ ಚಿಕ್ಕಮ್ಮನಿಗೆ ಕಳುಹಿಸುತ್ತೇನೆ.

ಚಿಕ್ಕಮ್ಮ: ನನಗೆ ಬೇಡ ಭಾವ.