ಮಣ್ಣಿನ ಟೆನಿಸ್ ಕೋರ್ಟ್: ಒಂದು ಕಡೆ ಬಿರುಕು, ಇನ್ನೊಂದು ಕಡೆ ಧೂಳು

ಪ್ರಶ್ನೆ (ಕೋಲಾರ): ಇಲ್ಲಿನ ಕೆಂಪು ಮಣ್ಣಿನ ಕೋರ್ಟ್‌ನಲ್ಲಿ ಬೇಸಿಗೆ ಬಂದ್ರೆ ಸರ್ವೀಸ್ ಬಾಕ್ಸ್ (ಬಲೆ ಪಕ್ಕ ಸರ್ವ್ ಬೀಳಬೇಕಾದ ಚೌಕ) ಬಿರುಕು ಬಿಡುತ್ತೆ, ಬೇಸ್‌ಲೈನ್ (ಕೋರ್ಟ್ ತುದಿಯ ಗೆರೆ) ಹತ್ರ ಪುಡಿ ಏಳುತ್ತೆ. ಇಟ್ಟಿಗೆ ಪುಡಿ ಸುರಿದ್ರೆ ಸರಿಹೋಗುತ್ತಾ?

ಉತ್ತರ 1: ಮೊದಲು ಮಣ್ಣು ನೋಡಿ ಸರ್. ಎರಡೂ ಕಡೆಯಿಂದ ಒಂದೊಂದು ಹಿಡಿ ನೆನೆಸಿ ಉಂಡೆ ಕಟ್ಟಿ ಒಣಗಿಸಿ. ಕಲ್ಲಿನಂತಾಗಿ ಸೀಳಿದ್ರೆ ಜೇಡಿ ಜಾಸ್ತಿ, ಬೆರಳಲ್ಲೇ ಪುಡಿಯಾದ್ರೆ ಕಮ್ಮಿ. ಕೆರೆಗೋಡು (ಕೆರೆಯ ಹೂಳುಮಣ್ಣು) ಧಾರಾಳವಾಗಿ ಹಾಕಿದ ಕಡೆ ಬಿರುಕು ಗ್ಯಾರಂಟಿ. ಅಲ್ಲಿ ಮೇಲ್ಪದರ ಕೆರೆದು, ಜರಡಿ ಹಿಡಿದ ಮಣ್ಣಿಗೆ ಸಣ್ಣ ಮರಳು ಬೆರೆಸಿ, ತೆಳುವಾಗಿ ಹರಡಿ ರೋಲರ್ ಹೊಡೀರಿ. ಒಣನೆಲದ ಮೇಲೆ ದಪ್ಪಗೆ ಸುರಿದ್ರೆ ಚಕ್ಕೆ ಏಳುತ್ತೆ. ಹಳೇ ನೆಲ ಗೀರಿ ನೆನೆಸಲೇಬೇಕು.

ನೀರು ಸಂಜೆ, ರೋಲರ್ ಬೆಳಿಗ್ಗೆ. ಹೆಬ್ಬೆರಳು ಒತ್ತಿದ್ರೆ ಗುರುತು ಬೀಳಬೇಕು, ಮಣ್ಣು ಅಂಟಬಾರದು. ರೋಲರ್‌ಗೆ ಮೆತ್ತಿಕೊಂಡ್ರೆ ತಕ್ಷಣ ನಿಲ್ಲಿಸಿ.

ಉತ್ತರ 2: ಇಟ್ಟಿಗೆ ಪುಡಿ ಮೇಲಿನ ಹೊದಿಕೆ ಅಷ್ಟೇ, ಬಿರುಕಿಗೆ ಮದ್ದಲ್ಲ. ಫ್ರೆಂಚ್ ಓಪನ್ ನಡೆಯೋ ಪ್ಯಾರಿಸ್‌ನ ರೋಲ್ಯಾಂಡ್ ಗ್ಯಾರೋಸ್‌ನಲ್ಲೂ ಅದು 1–2 ಮಿ.ಮೀ. ಮಾತ್ರ, ಕೆಳಗೆ ಸುಣ್ಣಕಲ್ಲಿನ ಪುಡಿ. ಸುತ್ತಲಿನ ಜಾಗ ಸೇರಿ 36.57 × 18.29 ಮೀಟರ್‌ಗೆ 2 ಮಿ.ಮೀ. ಅಂದ್ರೆ ಸುಮಾರು 1.34 ಘನ ಮೀಟರ್. ಮಾಲೂರಿನ ಗೂಡುಗಳಲ್ಲಿ ಒಡೆದ ಇಟ್ಟಿಗೆ ಕೇಳಿ. ಅರೆಬೆಂದದ್ದು ಬೇಡ, ನೀರು ಬಿದ್ರೆ ರಾಡಿ.

ಉತ್ತರ 3: ಆಟ ಮುಗಿದ ಮೇಲೆ ನೆಲದ ಪುಡಿ ಸಮ ಮಾಡೋ ಬಲೆ ಎಳೀತೀರಾ? ಅಂಚಿನಿಂದ ಒಳಕ್ಕೆ ಸುತ್ತುತ್ತಾ ಎಳೀರಿ. ಇಲ್ಲಾಂದ್ರೆ ಪುಡಿಯೆಲ್ಲ ಬೇಲಿ ಪಕ್ಕ ದಿಬ್ಬವಾಗಿ ಮಳೆನೀರಿಗೆ ಅಡ್ಡ ನಿಲ್ಲುತ್ತೆ. ಆಟದ ಮಧ್ಯೆ ಮಾತ್ರ ಚೆಂಡು ಒಳಗೆ ಬಿತ್ತೋ ಹೊರಗೋ ಅಂತ ತೋರಿಸೋ ಗುರುತು ಕಾಲಲ್ಲಿ ಅಳಿಸಬೇಡಿ. ಅಂಪೈರ್ ಇಲ್ಲದ ಪಂದ್ಯದಲ್ಲಿ ಅಳಿಸಿದವರು ಪಾಯಿಂಟ್ ಬಿಟ್ಟುಕೊಟ್ಟಂತೆ.