ಪವರ್ ಟಿಲ್ಲರ್ ಎಂಜಿನ್ ಉಳುಮೆಯ ನಡುವೆ ನಿಲ್ಲುತ್ತಿದೆ

ಪ್ರಶ್ನೆ: ಬೆಂಗಳೂರಿನ ಹೆಸರಘಟ್ಟದ ಬಳಿ ನಮ್ಮ ತೋಟದಲ್ಲಿರುವ ಡೀಸೆಲ್ ಪವರ್ ಟಿಲ್ಲರ್ ಸುಲಭವಾಗಿ ಚಾಲೂ ಆಗುತ್ತದೆಯಾದರೂ, ರೋಟರಿ (ಮಣ್ಣು ಉಳುವ ತಿರುಗುವ ಬ್ಲೇಡುಗಳು) ಮಣ್ಣಿಗಿಳಿದ ಸ್ವಲ್ಪ ಹೊತ್ತಿಗೆ ಸೊರಗಿ ನಿಂತುಬಿಡುತ್ತದೆ. ಕಪ್ಪು ಹೊಗೆಯಿಲ್ಲ, ತುಸು ಬಿಟ್ಟರೆ ಮತ್ತೆ ಓಡುತ್ತದೆ. ಡೀಸೆಲ್ ಪಂಪ್ ಬಿಚ್ಚಿಸಬೇಕೇ?

ಉತ್ತರ: ಕಪ್ಪು ಹೊಗೆ ಇಲ್ಲದಿರುವುದರಿಂದ ಏರ್ ಕ್ಲೀನರ್ ಕಟ್ಟಿಕೊಂಡಿರುವ ಸಂಭವ ಕಡಿಮೆ, ಡೀಸೆಲ್ ಸಾಲುತ್ತಿಲ್ಲವೆಂದು ತೋರುತ್ತದೆ. ಎಂಜಿನ್ ಸೊರಗಿದೊಡನೆ ಟ್ಯಾಂಕಿನ ಮುಚ್ಚಳ ಸಡಿಲಿಸಿ; ಗಾಳಿ ಸುಯ್ಯೆಂದು ಒಳನುಗ್ಗಿ ಎಂಜಿನ್ ಚೇತರಿಸಿಕೊಂಡರೆ, ಮುಚ್ಚಳದ ಗಾಳಿಕಿಂಡಿ ಧೂಳಿನಿಂದ ಮುಚ್ಚಿಹೋಗಿದೆಯೆಂದೇ ತಿಳಿಯಿರಿ.

ಉತ್ತರ: ಮೇಲಿನವರ ಮಾತು ಸರಿ. ಅದರಿಂದ ಗುಣವಾಗದಿದ್ದರೆ ಡೀಸೆಲ್ ಫಿಲ್ಟರ್ ಬದಲಿಸಿ, ಬಳಿಕ ಒಳಸೇರಿದ ಗಾಳಿಯನ್ನು ಹೊರಬಿಡುವ ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಹರಿಯಬಿಟ್ಟು ಬಿಗಿಯಿರಿ. ರೇಡಿಯೇಟರಿನ ನೀರನ್ನೂ ನೋಡಿ, ಆದರೆ ಎಂಜಿನ್ ತಣ್ಣಗಾದ ಮೇಲಷ್ಟೇ. ಇಷ್ಟಾಗುವವರೆಗೆ ದಯವಿಟ್ಟು ಪಂಪಿಗೆ ಕೈಹಚ್ಚಿಸಬೇಡಿ.