ಅಂಕಕ್ಕಾಗಿ ಪ್ರಬಂಧ: ಈ ಅವಿವೇಕ ಯಾರದ್ದು?

ಪ್ರಶ್ನೆ: 2010ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅಧ್ಯಾಪಕರ ಬಡ್ತಿಗೆ ಎಪಿಐ ಅಂಕಗಳನ್ನು, ಅಂದರೆ ಪ್ರಬಂಧ ಪ್ರಕಟಣೆಯಂಥ ಸಾಧನೆಗಳಿಗೆ ಕೊಡುವ ಅಂಕಗಳನ್ನು, ತಂದ ಮೇಲೆ, ಯಾರೂ ಓದದ ನಿಯತಕಾಲಿಕೆಗಳಿಗೆ ಹಣ ಕೊಟ್ಟು ಪ್ರಬಂಧ ಅಚ್ಚು ಹಾಕಿಸುವ ರೂಢಿ ಬೆಳೆಯಿತು. ಬುದ್ಧಿವಂತರೇ ತುಂಬಿರುವ ವಿಶ್ವವಿದ್ಯಾಲಯಗಳು ಹೀಗೇಕೆ ವರ್ತಿಸುತ್ತವೆ?

ಉತ್ತರ 1: ಬಡ್ತಿ ಬೇಕಾದ ಅಧ್ಯಾಪಕ, ಶ್ರೇಯಾಂಕ ಬೇಕಾದ ಕುಲಪತಿ, ಶುಲ್ಕ ಬೇಕಾದ ಪ್ರಕಾಶಕ, ಮೂವರೂ ತಂತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ನಡೆದುಕೊಳ್ಳುತ್ತಾರೆ; ಒಟ್ಟು ಫಲ ಮಾತ್ರ ಹಾಸ್ಯಾಸ್ಪದ. ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ನಿಯತಕಾಲಿಕೆಗಳನ್ನು ಕಿತ್ತುಹಾಕಬೇಕಾಯಿತು.

ಉತ್ತರ 2: ನನ್ನ ಬಡ್ತಿಯ ಸಂದರ್ಶನದಲ್ಲಿ ಸಮಿತಿಯವರು ಬೆರಳಿಗೆ ಎಂಜಲು ಹಚ್ಚಿಕೊಂಡು ಪ್ರಮಾಣಪತ್ರಗಳನ್ನು ಎಣಿಸಿದರೇ ಹೊರತು, ಒಂದು ಪ್ರಬಂಧದ ಶೀರ್ಷಿಕೆಯನ್ನೂ ಓದಲಿಲ್ಲ.

ಪ್ರಶ್ನೆ ಕೇಳಿದವರು: ಪಿಎಚ್‌ಡಿಗೆ ಮುನ್ನ ಪ್ರಕಟಣೆ ಕಡ್ಡಾಯವೆಂಬ ನಿಯಮವನ್ನು 2022ರಲ್ಲಿ ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಆದರೆ ಎಣಿಸುವ ಸಮಿತಿಗೆ ಓದುವ ಪುರಸೊತ್ತು ಎಲ್ಲಿಂದ ಬರಬೇಕು?